ಹೊಲ ಅಡ ಇಟ್ಟು ಲಂಡನ್ನಿಗೆ ಹೋಗಲೇ?

ಪ್ರಶ್ನೆ: ನಾನು ಗದಗ ಜಿಲ್ಲೆಯವಳು. ಬೆಂಗಳೂರಿನಲ್ಲಿ ಬಿ.ಆಪ್ಟೋಮ್ ಮುಗಿಸಿ ಎರಡು ವರ್ಷದಿಂದ ಹುಬ್ಬಳ್ಳಿಯ ಕಣ್ಣಾಸ್ಪತ್ರೆಯೊಂದರಲ್ಲಿ ಆಪ್ಟೋಮೆಟ್ರಿಸ್ಟ್ (ದೃಷ್ಟಿ ಪರೀಕ್ಷಿಸುವವಳು) ಆಗಿದ್ದೇನೆ. ಕಳೆದ ವರ್ಷ ಒಂದೇ ಮನೆಯ ಅಣ್ಣ-ತಂಗಿ ಬಂದಿದ್ದರು. ಇಬ್ಬರಿಗೂ ಇರುಳುಗುರುಡು, ಪರೀಕ್ಷೆ ಮಾಡಿದಾಗ ರೆಟಿನೈಟಿಸ್ ಪಿಗ್ಮೆಂಟೋಸಾ ಎಂದು ಗೊತ್ತಾಯಿತು. ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾ ಮೆಲ್ಲಗೆ ಕೆಡುವ ಆನುವಂಶಿಕ ರೋಗ ಅದು. ತಾಯಿಯನ್ನು ಸೋದರಮಾವನಿಗೇ ಕೊಟ್ಟು ಮದುವೆ ಮಾಡಿದ್ದರಂತೆ. ‘ಇದಕ್ಕೆ ಔಷಧಿ ಇಲ್ಲ’ ಎಂದು ಹೇಳಿ ಅವರನ್ನು ಕಳಿಸಿಕೊಟ್ಟ ದಿನದಿಂದ ಸಂಶೋಧನೆಗೆ ಹೋಗಬೇಕೆಂಬ ಯೋಚನೆ ತಲೆಯಲ್ಲಿ ಕೂತುಬಿಟ್ಟಿದೆ. ಲಂಡನ್ನಿನಲ್ಲಿ ಕಣ್ಣಿನ ರೋಗಗಳ ಸಂಶೋಧನೆಯಲ್ಲಿ ಒಂದು ವರ್ಷದ ಎಂ.ಎಸ್ಸಿ. ಮಾಡಬೇಕೆಂದಿದ್ದೇನೆ. ಅಪ್ಪ ಹೊಲ ಅಡ ಇಡಲು ತಯಾರಿದ್ದಾರೆ. ಹೋಗಲೇ? ಲ್ಯಾಬಿನ ಗಾಳಿಯೇ ಗೊತ್ತಿಲ್ಲದ ನಾನು ಒಂದು ವರ್ಷದಲ್ಲಿ ಮುಗಿಸಬಲ್ಲೆನೇ? ಮುಗಿಸಿದ ಮೇಲೆ ಮುಂದೇನು?

ಉತ್ತರ: ಹೋಗಿ. ಆದರೆ ಈ ವರ್ಷ ಬೇಡ, ಹೊಲದ ಮೇಲೆ ಖಂಡಿತ ಬೇಡ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಅದರಲ್ಲಿ ಲಂಡನ್ನಿನ ಹೆಸರಿಗಿಂತ ಮೊದಲು ಆ ಅಣ್ಣ-ತಂಗಿಯ ವಿಷಯ ಬಂದಿದೆ. ಎಷ್ಟೋ ಮಂದಿ ಪದವಿಯನ್ನು ಮೊದಲು ಆರಿಸಿಕೊಂಡು, ಅಲ್ಲಿಗೆ ಹೋದ ಮೇಲೆ ಪ್ರಶ್ನೆ ಹುಡುಕುತ್ತಾರೆ. ನಿಮ್ಮ ಹತ್ತಿರ ಪ್ರಶ್ನೆ ಆಗಲೇ ಇದೆ. ಒಂದು ವರ್ಷದ ಸ್ನಾತಕೋತ್ತರ ಪದವಿಯಲ್ಲಿ ಕೊನೆಗೆ ಕೈ ಹಿಡಿಯುವುದು ಅದೇ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಈ ಪದವಿ ಏನಲ್ಲ ಎಂಬುದು ಸ್ಪಷ್ಟವಾಗಲಿ. ಕಣ್ಣಿನ ರೋಗಗಳ ಸಂಶೋಧನೆಯಲ್ಲಿ ಎಂ.ಎಸ್ಸಿ. ಮಾಡಿದರೆ ಬ್ರಿಟನ್ನಿನಲ್ಲಿ ಆಪ್ಟೋಮೆಟ್ರಿಸ್ಟ್ ಆಗಿ ರೋಗಿಯನ್ನು ನೋಡುವ ಪರವಾನಗಿ ಸಿಗುವುದಿಲ್ಲ. ಅದಕ್ಕೆ ಅಲ್ಲಿನ ಜನರಲ್ ಆಪ್ಟಿಕಲ್ ಕೌನ್ಸಿಲ್‌ನ ನೋಂದಣಿ ಬೇಕು, ಅದರ ದಾರಿಯೇ ಬೇರೆ. ಎಂಬಿಬಿಎಸ್ ಮುಗಿಸಿದವರಿಗೂ ಇದೇ ಮಾತು: ಈ ಎಂ.ಎಸ್ಸಿ. ನಮ್ಮಲ್ಲಿನ ಎಂ.ಎಸ್. ನೇತ್ರವಿಜ್ಞಾನಕ್ಕೆ ಸಮವಲ್ಲ, ಇದರಿಂದ ಯಾರೂ ಕಣ್ಣಿನ ತಜ್ಞರೆಂದು ಬೋರ್ಡು ಹಾಕಿಕೊಳ್ಳುವಂತಿಲ್ಲ. ಏಜೆಂಟರು ಈ ಮಾತನ್ನು ನುಂಗಿ ಹೇಳುತ್ತಾರೆ. ಲಕ್ಷಗಟ್ಟಲೆ ಕಟ್ಟಿದ ಮೇಲೆ ಇದು ತಿಳಿದು ಕಣ್ಣೀರು ಹಾಕಿದವರನ್ನು ನಾನು ನೋಡಿದ್ದೇನೆ.

ಇನ್ನು ಲಂಡನ್. ಕಣ್ಣಿನ ವಿಷಯದಲ್ಲಿ ಆ ಊರಿಗೆ ಹೆಸರು ಬಂದಿರುವುದು ಸುಮ್ಮನೆ ಅಲ್ಲ. ಮೂರ್‌ಫೀಲ್ಡ್ಸ್ ಕಣ್ಣಾಸ್ಪತ್ರೆ ಶುರುವಾದದ್ದು 1805ರಲ್ಲಿ. ನೆಪೋಲಿಯನ್ ಕಾಲದ ಯುದ್ಧಕ್ಕೆಂದು ಈಜಿಪ್ಟಿಗೆ ಹೋದ ಸೈನಿಕರು ಟ್ರಕೋಮಾ ಎಂಬ ಕಣ್ಣಿನ ಸೋಂಕು ಹಚ್ಚಿಕೊಂಡು ಮರಳಿದ್ದರು, ಆಸ್ಪತ್ರೆ ಹುಟ್ಟಲು ಅದೂ ಒಂದು ಕಾರಣ. ಓಲ್ಡ್ ಸ್ಟ್ರೀಟ್ ಸುರಂಗ ರೈಲು ನಿಲ್ದಾಣದಿಂದ ಆಸ್ಪತ್ರೆಯವರೆಗೆ ಫುಟ್‌ಪಾತಿನ ಮೇಲೆ ಹಸಿರು ಗೆರೆ ಎಳೆದಿದ್ದಾರೆ. ದೃಷ್ಟಿ ಮಂದವಾದವರು ಅದನ್ನೇ ನೋಡಿಕೊಂಡು ನಡೆದರೆ ಬಾಗಿಲು ಸಿಗುತ್ತದೆ. ಮೊದಲ ಸಲ ಆ ಗೆರೆಯ ಮೇಲೆ ನಡೆದಾಗ ನಮ್ಮ ಜಿಲ್ಲಾಸ್ಪತ್ರೆಗಳ ಮುಂದೆಯೂ ಹೀಗೊಂದು ಗೆರೆ ಇರಬಾರದೇ ಅನ್ನಿಸಿತ್ತು. ಒಂದು ಡಬ್ಬ ಬಣ್ಣ ಸಾಕು. ಆಸ್ಪತ್ರೆಗೆ ಹೊಂದಿಕೊಂಡಂತೆಯೇ ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಆಫ್ತಾಲ್ಮಾಲಜಿ ಇದೆ. 2007ರಲ್ಲಿ ಹುಟ್ಟಿನಿಂದ ಬಂದ ರೆಟಿನಾ ರೋಗವೊಂದಕ್ಕೆ, ಆರ್‌ಪಿಇ65 ಎಂಬ ಜೀನ್ (ವಂಶವಾಹಿ) ಕೆಟ್ಟವರಿಗೆ, ಮೂರ್‌ಫೀಲ್ಡ್ಸ್‌ನಲ್ಲೇ ಜೀನ್ ಚಿಕಿತ್ಸೆಯ ಪ್ರಯೋಗ ಆರಂಭವಾಯಿತು. ಅಮೆರಿಕದ ಫಿಲಡೆಲ್ಫಿಯಾದಲ್ಲೂ ಅದೇ ಹೊತ್ತಿಗೆ ಇಂಥ ಕೆಲಸ ನಡೆದಿತ್ತು. ಆ ಜೀನ್‌ಗೆ 2017ರ ಡಿಸೆಂಬರ್‌ನಲ್ಲಿ ಲಕ್ಸ್‌ಟರ್ನಾ ಎಂಬ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅಲ್ಲಿ ಎರಡು ಕಣ್ಣಿಗೆ ಇಟ್ಟ ಬೆಲೆ 8,50,000 ಡಾಲರ್.

ಅಂದರೆ ನೀವು ಆ ಮನೆಯವರಿಗೆ ಹೇಳಿದ ‘ಔಷಧಿ ಇಲ್ಲ’ ಎಂಬ ಮಾತು ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬುದು ಒಂದು ಹೆಸರು. ಅದರ ಹಿಂದೆ 80ಕ್ಕೂ ಹೆಚ್ಚು ಜೀನ್‌ಗಳಿವೆ, ಆರ್‌ಪಿಇ65 ಅವುಗಳಲ್ಲಿ ಒಂದು. ಯಾವ ಜೀನ್ ಕೆಟ್ಟಿದೆ ಎಂದು ತಿಳಿಯದೆ ಔಷಧಿಯ ಮಾತೇ ಇಲ್ಲ. ಲಕ್ಸ್‌ಟರ್ನಾ ಆ ಒಂದು ಜೀನ್‌ನ ಎರಡೂ ಪ್ರತಿ ಕೆಟ್ಟಿದ್ದು, ರೆಟಿನಾದಲ್ಲಿ ಇನ್ನೂ ಜೀವಕೋಶ ಉಳಿದಿದ್ದವರಿಗೆ ಮಾತ್ರ. ಜಗತ್ತಿನಲ್ಲಿ ಸುಮಾರು 4,000 ಜನರಲ್ಲಿ ಒಬ್ಬರಿಗೆ ಈ ರೋಗ ಎನ್ನುತ್ತಾರೆ. ರಕ್ತಸಂಬಂಧದಲ್ಲೇ ಕೊಟ್ಟು ತರುವ ರೂಢಿ ಇರುವ ಕಡೆ ಹೆಚ್ಚು, ಏಕೆಂದರೆ ಮನೆತನದಲ್ಲಿ ಸದ್ದಿಲ್ಲದೆ ಹರಿದು ಬಂದ ಒಂದೇ ದೋಷ ಎರಡೂ ಕಡೆಯಿಂದ ಮಗುವಿಗೆ ಬರುವ ಅವಕಾಶ ಅಲ್ಲಿ ಜಾಸ್ತಿ. ಜಗತ್ತಿನ ದೊಡ್ಡ ಜೀನ್ ದತ್ತಾಂಶಗಳಲ್ಲಿ ಯುರೋಪಿನವರ ಮಾಹಿತಿಯೇ ತುಂಬಿದೆ, ನಮ್ಮವರದು ಕಡಿಮೆ. ಹಾಗಾಗಿ ನಮ್ಮ ಊರಿನ ರೋಗಿಯ ವರದಿಯಲ್ಲಿ ‘ಈ ಬದಲಾವಣೆಯ ಅರ್ಥ ಖಚಿತವಿಲ್ಲ’ ಎಂಬ ಸಾಲು ಪದೇ ಪದೇ ಬರುತ್ತದೆ. ನಿಮ್ಮ ಪ್ರಶ್ನೆ ಇಲ್ಲಿದೆ. ಗದಗ-ಹುಬ್ಬಳ್ಳಿ ಸೀಮೆಯ ಆಪ್ಟೋಮೆಟ್ರಿಸ್ಟ್ ಒಬ್ಬರಿಗೆ ಇದು ಹತ್ತಿರದಿಂದ ಕಾಣುವಷ್ಟು ಲಂಡನ್ನಿನ ವಿದ್ಯಾರ್ಥಿಗೆ ಕಾಣುವುದಿಲ್ಲ.

ಈಗ ಕೋರ್ಸ್ ಆರಿಸುವುದು. ಹೆಸರುಗಳು ವರ್ಷ ವರ್ಷ ಬದಲಾಗುತ್ತವೆ, ಅದಕ್ಕೆ ಮರುಳಾಗಬೇಡಿ. ಒಳಗೆ ಇರುವುದು ಮೂರು ಬಗೆ. ಒಂದು, ಲ್ಯಾಬಿನ ಕೆಲಸ: ಜೀವಕೋಶ, ಜೀನ್, ಇಲಿ. ಇನ್ನೊಂದು, ಒಸಿಟಿ (ರೆಟಿನಾದ ಪದರಗಳನ್ನು ತೋರಿಸುವ ಸ್ಕ್ಯಾನ್) ಮತ್ತು ಫಂಡಸ್ (ಕಣ್ಣಿನ ಒಳಗಿನ ಹಿಂಭಾಗ) ಚಿತ್ರಗಳು, ಅಂಕಿಅಂಶ, ಈಗ ಕೃತಕ ಬುದ್ಧಿಮತ್ತೆ. 2018ರಲ್ಲಿ ಮೂರ್‌ಫೀಲ್ಡ್ಸ್ ಮತ್ತು ಕೃತಕ ಬುದ್ಧಿಮತ್ತೆಯ ಕಂಪನಿ ಡೀಪ್‌ಮೈಂಡ್ ಸೇರಿ ಒಸಿಟಿ ಚಿತ್ರ ನೋಡಿ 50ಕ್ಕೂ ಹೆಚ್ಚು ತೊಂದರೆಗಳನ್ನು ಗುರುತಿಸುವ ವ್ಯವಸ್ಥೆಯನ್ನು ಪ್ರಕಟಿಸಿದ ಮೇಲೆ ಈ ದಾರಿಯಲ್ಲಿ ಜನ ಜಾಸ್ತಿ. ಮೂರನೆಯದು ಸಮುದಾಯದ ಕಣ್ಣಾರೋಗ್ಯ. ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್‌ನಲ್ಲಿ ಕಣ್ಣಾರೈಕೆಗೆಂದೇ ಸಾರ್ವಜನಿಕ ಆರೋಗ್ಯದ ಎಂ.ಎಸ್ಸಿ. ಇದೆ, ಆಫ್ರಿಕ, ಏಷ್ಯಾದ ಕಣ್ಣಾಸ್ಪತ್ರೆಗಳನ್ನು ನಡೆಸುವ ಎಷ್ಟೋ ಜನ ಅಲ್ಲಿ ಓದಿದವರು. ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಹಾಕಿ ಪೊರೆ ತೆಗೆದ ನಾಡಿನವರು ನಾವು. ಈ ಮೂರನೆಯ ದಾರಿಯನ್ನು ಎರಡನೇ ದರ್ಜೆಯದೆಂದು ನೋಡಬೇಡಿ.

ನಿಮಗೆ ಯಾವುದು? ನೀವು ಲ್ಯಾಬ್ ಎಂದುಕೊಂಡಿದ್ದೀರಿ. ನನಗೆ ಅಷ್ಟು ಖಚಿತವಿಲ್ಲ, ಕಾರಣ ಹೇಳುತ್ತೇನೆ. ಒಂದು ವರ್ಷದ ಪದವಿಯಲ್ಲಿ ಸೆಪ್ಟೆಂಬರಿನಿಂದ ಮಾರ್ಚಿನವರೆಗೆ ತರಗತಿ, ಆಮೇಲೆ ಪರೀಕ್ಷೆ. ಸ್ವಂತ ಸಂಶೋಧನೆಗೆ ಉಳಿಯುವುದು ನಾಲ್ಕು ತಿಂಗಳ ಆಸುಪಾಸು. ಸ್ಟೆಮ್ ಸೆಲ್‌ನಿಂದ (ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲಕೋಶ) ರೆಟಿನಾದ ಪುಟ್ಟ ಪ್ರತಿರೂಪ ಬೆಳೆಸುವುದನ್ನು ಜಾಹೀರಾತಿನಲ್ಲಿ ತೋರಿಸುತ್ತಾರೆ; ಅದರಲ್ಲಿ ಬೆಳಕು ಹಿಡಿಯುವ ಕೋಶಗಳು ಸರಿಯಾಗಿ ಮೂಡಲು ನಾಲ್ಕೈದು ತಿಂಗಳಿಗೂ ಹೆಚ್ಚು ಬೇಕು. ಅಂದರೆ ನೀವು ಇಟ್ಟ ಬೀಜ ಮೊಳೆಯುವ ಮೊದಲೇ ನಿಮ್ಮ ಪ್ರಬಂಧ ಒಪ್ಪಿಸುವ ದಿನ ಬಂದಿರುತ್ತದೆ. ಬೇರೆ ಯಾರೋ ಬೆಳೆಸಿಟ್ಟದ್ದನ್ನು ನಿಮಗೆ ಕೊಟ್ಟರೆ ಮಾತ್ರ ಅದು ಸಾಧ್ಯ. ಆದ್ದರಿಂದ ಪ್ರವೇಶ ಸಿಕ್ಕ ಮೇಲೆ ಮಾರ್ಗದರ್ಶಕರಿಗೆ ಬರೆಯುವ ಮೊದಲ ಮಿಂಚಂಚೆಯಲ್ಲೇ ಕೇಳಿ: ‘ನಾನು ಬರುವ ದಿನಕ್ಕೆ ಏನೇನು ತಯಾರಿರುತ್ತದೆ? ಕಳೆದ ಮೂರು ವರ್ಷದ ವಿದ್ಯಾರ್ಥಿಗಳು ಏನು ಮಾಡಿದರು, ಈಗ ಎಲ್ಲಿದ್ದಾರೆ?’ ಇದಕ್ಕೆ ನೆಟ್ಟಗೆ ಉತ್ತರ ಕೊಡುವವರ ಹತ್ತಿರ ಹೋಗಿ, ಅವರ ಹೆಸರು ಎಷ್ಟೇ ಚಿಕ್ಕದಿರಲಿ.

ನಾನು ಎಂ.ಎಸ್ಸಿ. ಮಾಡಿದಾಗಿನ ಬೇಸಿಗೆಯ ಕಥೆ ಹೇಳುತ್ತೇನೆ. ರೋಗವಿರುವ ಇಲಿಯ ಕಣ್ಣನ್ನು ಹೆಪ್ಪುಗಟ್ಟಿಸಿ, 12 ಮೈಕ್ರಾನ್ ದಪ್ಪದ ತೆಳು ಪದರಗಳಾಗಿ ಸೀಳಿ, ಗಾಜಿನ ಮೇಲೆ ಹಿಡಿದು, ಬಣ್ಣ ಹಾಕಿ ನೋಡುವುದು ನನ್ನ ಕೆಲಸ. ಪದರ ತೆಗೆಯುವಾಗ ಉಸಿರು ಬಿಟ್ಟರೂ ಮಡಚಿಕೊಳ್ಳುತ್ತಿತ್ತು. ಮೂರು ವಾರ ಕಲಿತದ್ದು ಅದನ್ನೇ. ಆಮೇಲೆ ನಾಲ್ಕು ವಾರ, ಮಂದ ಬೆಳಕಿನಲ್ಲಿ ನೋಡಲು ನೆರವಾಗುವ ರಾಡ್ ಕೋಶಗಳನ್ನು ತೋರಿಸಬೇಕಾದ ಬಣ್ಣ ಬರಲೇ ಇಲ್ಲ. ಸೂಕ್ಷ್ಮದರ್ಶಕದಲ್ಲಿ ಬರೀ ಕತ್ತಲು. ರೋಗದ ಇಲಿ ಅಲ್ಲವೇ, ರಾಡ್ ಸತ್ತಿವೆ, ಅದಕ್ಕೇ ಕಾಣುತ್ತಿಲ್ಲ ಎಂದು ಬರೆದುಕೊಂಡೆ. ಮಾರ್ಗದರ್ಶಕರು ಪುಟ ತಿರುವಿ ಕೇಳಿದ್ದು ಒಂದೇ ಮಾತು: ‘ಆರೋಗ್ಯವಾಗಿರುವ ಇಲಿಯ ಸ್ಲೈಡ್ ಎಲ್ಲಿ?’ ನಾನು ಮಾಡಿರಲಿಲ್ಲ. ಮಾಡಿ ನೋಡಿದರೆ ಅದರಲ್ಲೂ ಕತ್ತಲು. ಈ ಬಣ್ಣ ಬರುವುದು ಎರಡು ಪ್ರತಿಕಾಯಗಳಿಂದ: ಒಂದು ಕೋಶದ ಪ್ರೋಟೀನಿಗೆ ಅಂಟುತ್ತದೆ, ಬಣ್ಣ ಹೊತ್ತ ಇನ್ನೊಂದು ಆ ಮೊದಲನೆಯದಕ್ಕೆ ಅಂಟುತ್ತದೆ. ಮೊದಲ ಪ್ರತಿಕಾಯ ಇಲಿಯದು, ಅದನ್ನು ಹಿಡಿಯಲು ನಾನು ಹಾಕಿದ ಎರಡನೆಯದು ಮೊಲದ ಪ್ರತಿಕಾಯಕ್ಕೆಂದು ಇದ್ದದ್ದು. ಸರಿಯಾದ ಸೀಸೆ ತೆಗೆದ ಮರುದಿನ ಸಂಜೆ ಹಸಿರು ಬೆಳಕು ಹೊತ್ತಿಕೊಂಡಿತು. ಆರೋಗ್ಯವಂತ ಕಣ್ಣಿನಲ್ಲಿ ಹತ್ತು ಹನ್ನೆರಡು ಸಾಲು ನೀಲಿ ಚುಕ್ಕಿ (ಕೋಶಗಳ ಕೇಂದ್ರಗಳು), ಅದರ ಮೇಲೆ ದಟ್ಟ ಹಸಿರಿನ ಪಟ್ಟಿ. ರೋಗದ ಕಣ್ಣಿನಲ್ಲಿ ಚುಕ್ಕಿಗಳ ಒಂದೇ ಒಂದು ಸಾಲು, ಹಸಿರು ಇಲ್ಲ. ಇರುಳುಗುರುಡು ಎಂಬ ಮಾತಿನ ಒಳಗೆ ಏನು ನಡೆದಿರುತ್ತದೆ ಎಂದು ನಾನು ಕಣ್ಣಾರೆ ಕಂಡದ್ದು ಅವತ್ತು. ಏಳು ವಾರ ಹೋಗಿತ್ತು, ಉಳಿದದ್ದು ಒಂಬತ್ತು. ಆದರೂ ಮುಗಿಸಿದೆ, ಚಿಕ್ಕ ಪ್ರಶ್ನೆಯನ್ನು ಆರಿಸಿಕೊಂಡಿದ್ದರಿಂದ. ನೀವೂ ಪ್ರಶ್ನೆಯನ್ನು ಚಿಕ್ಕದು ಮಾಡಿಕೊಳ್ಳಿ. ‘ರೆಟಿನೈಟಿಸ್ ಪಿಗ್ಮೆಂಟೋಸಾಕ್ಕೆ ಪರಿಹಾರ’ ಎಂಬುದು ನಾಲ್ಕು ತಿಂಗಳ ಪ್ರಶ್ನೆಯಲ್ಲ. ‘ಈ ಒಂದು ಜೀನ್‌ನ ರೋಗಿಗಳಲ್ಲಿ ಒಸಿಟಿಯಲ್ಲಿ ಕಾಣುವ ಈ ಪದರದ ಉದ್ದ ವರ್ಷಕ್ಕೆ ಎಷ್ಟು ಕುಗ್ಗುತ್ತದೆ’ ಎಂಬುದು ಹೌದು.

ಲ್ಯಾಬಿನ ಗಾಳಿ ಗೊತ್ತಿಲ್ಲ ಎಂದು ಅಳುಕಬೇಡಿ. ನಿಮ್ಮ ಪಕ್ಕ ಕೂರುವ ಬಯೋಟೆಕ್ನಾಲಜಿಯವರಿಗೆ ಪಿಸಿಆರ್ ಕೈ ತುದಿಯಲ್ಲಿರುತ್ತದೆ. ಆದರೆ ಅವರು ಒಬ್ಬ ರೋಗಿಯ ಫೀಲ್ಡ್ ಟೆಸ್ಟ್ (ನೋಟದ ಹರವಿನ ಪರೀಕ್ಷೆ) ಮಾಡಿಲ್ಲ, ಕತ್ತಲಾದರೆ ಹೊಸ್ತಿಲು ಎಡವುವ ಹುಡುಗನನ್ನು ನೋಡಿಲ್ಲ. ನೀವು ಎರಡು ವರ್ಷ ದಿನಾ ಒಸಿಟಿ ನೋಡಿದವರು. ಅದಕ್ಕೇ ಹೇಳಿದ್ದು, ಎರಡನೇ ಬಗೆ, ಚಿತ್ರ ಮತ್ತು ಜೀನ್ ಮಾಹಿತಿ ಕೂಡುವ ಕೆಲಸ, ನಿಮಗೆ ಹೆಚ್ಚು ಒಗ್ಗುತ್ತದೆ ಎಂದು ನನಗೆ ಅನ್ನಿಸುತ್ತದೆ.

ನಿಮ್ಮ ಕೊರತೆ ಇರುವುದು ಸಂಖ್ಯಾಶಾಸ್ತ್ರದಲ್ಲಿ. ನಮ್ಮ ಕಾಲೇಜುಗಳಲ್ಲಿ ಅದನ್ನು ಪರೀಕ್ಷೆಗೆ ಓದಿ ಬಿಡುತ್ತೇವೆ. ಒಂದು ಉದಾಹರಣೆ ಕೊಡುತ್ತೇನೆ, ಕಣ್ಣಿನ ಸಂಶೋಧನೆಗೆ ಬಂದವರೆಲ್ಲ ಮೊದಲು ಎಡವುವುದು ಇಲ್ಲೇ. 50 ರೋಗಿಗಳ 100 ಕಣ್ಣು ಅಳೆಯುತ್ತೀರಿ, ಲೆಕ್ಕದಲ್ಲಿ 100 ಎಂದು ಬರೆಯುತ್ತೀರಿ. ಆದರೆ ಒಬ್ಬರ ಎಡಗಣ್ಣು ಬಲಗಣ್ಣು ಬೇರೆ ಬೇರೆ ಇಬ್ಬರಲ್ಲ. ಎರಡಕ್ಕೂ ಒಂದೇ ರಕ್ತ, ಒಂದೇ ವಯಸ್ಸು, ಒಂದೇ ಜೀನ್. ಎರಡನ್ನೂ ಬಿಡಿಬಿಡಿಯಾಗಿ ಎಣಿಸಿದರೆ ಇಲ್ಲದ ಖಚಿತತೆ ಬಂದಂತೆ ಕಾಣುತ್ತದೆ. ಒಂದೋ ಒಬ್ಬರಿಗೆ ಒಂದೇ ಕಣ್ಣು ಎಂದು ಮೊದಲೇ ನಿಯಮ ಮಾಡಿಕೊಳ್ಳಬೇಕು, ಇಲ್ಲವೇ ಎರಡು ಕಣ್ಣಿನ ನಂಟನ್ನು ಲೆಕ್ಕಕ್ಕೆ ಹಿಡಿಯುವ ವಿಧಾನ ಬಳಸಬೇಕು. ಹಾಗೆಯೇ ದೃಷ್ಟಿಯ 6/6, 6/60 ಎಂಬ ಅಂಕಿಗಳ ಸರಾಸರಿ ತೆಗೆಯುವಂತಿಲ್ಲ, ದೃಷ್ಟಿಯನ್ನು ಸಮಾನ ಹಂತಗಳಲ್ಲಿ ಅಳೆಯುವ ಲಾಗ್‌ಮಾರ್‌ಗೆ ಬದಲಿಸಿಕೊಳ್ಳಬೇಕು. ಆರ್ ಎಂಬ ತಂತ್ರಾಂಶ ಉಚಿತ. ದಿನಾ ರಾತ್ರಿ ಒಂದು ಗಂಟೆಯಂತೆ ಆರು ತಿಂಗಳು ಹುಬ್ಬಳ್ಳಿಯಲ್ಲೇ ಕೂತು ಕಲಿಯಿರಿ. ಅಲ್ಲಿ ಹೋಗಿ ಕಲಿಯಲು ಪುರಸೊತ್ತು ಸಿಗುವುದಿಲ್ಲ.

ಬರವಣಿಗೆ ಇನ್ನೊಂದು. ಪುಸ್ತಕದ ಸಾಲನ್ನು ಹಾಗೇ ಇಳಿಸುವುದು ನಮ್ಮಲ್ಲಿ ಚೆನ್ನಾಗಿ ಓದಿದ್ದರ ಗುರುತು, ಅಲ್ಲಿ ಕಳವು. ಅಂಕಗಳ ಬಗ್ಗೆಯೂ ಹೇಳಿಬಿಡುತ್ತೇನೆ: 50 ಬಂದರೆ ಪಾಸು, 60 ದಾಟಿದರೆ ಒಳ್ಳೆಯ ಅಂಕ, 70 ಅಂದರೆ ಡಿಸ್ಟಿಂಕ್ಷನ್. ಮೊದಲ ಅಸೈನ್‌ಮೆಂಟಿಗೆ 62 ಬಂತೆಂದು ಮನೆಗೆ ಫೋನ್ ಮಾಡಿ ಅಳುವ ನಮ್ಮ ಮಕ್ಕಳು ಪ್ರತಿ ವರ್ಷ ಇರುತ್ತಾರೆ. ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಆ ಹೊತ್ತಿಗೇ ಮನೆಯ ನೆನಪು ಒತ್ತರಿಸಿ ಬರುತ್ತದೆ. ಥೇಮ್ಸ್ ದಡದ ಲ್ಯಾಂಬೆತ್‌ನಲ್ಲಿ ನಮ್ಮ ಬಸವಣ್ಣನವರ ಪ್ರತಿಮೆ ಇದೆ, 2015ರಲ್ಲಿ ನಿಲ್ಲಿಸಿದ್ದು. ಅಂಥ ದಿನ ಅಲ್ಲಿಗೆ ಹೋಗಿ ಕೂತು ಬನ್ನಿ.

‘ನಮ್ಮ ಆಸ್ಪತ್ರೆಯ ರೋಗಿಗಳ ಮಾಹಿತಿಯನ್ನೇ ಬಳಸುತ್ತೇನೆ’ ಎಂಬ ಯೋಚನೆ ಇದ್ದರೆ ಅದು ಒಳ್ಳೆಯದೇ, ಆದರೆ ಹೊರಡುವ ಮೊದಲೇ ಕೆಲಸ ಶುರುವಾಗಬೇಕು. ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕು. ವಿದೇಶಿ ಸಂಸ್ಥೆಯ ಜೊತೆ ಆರೋಗ್ಯ ಸಂಶೋಧನೆ ಮಾಡುವಾಗ ಕೇಂದ್ರದ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆಯೂ ಬೇಕಾಗಬಹುದು, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ರೋಗಿಯ ರಕ್ತದ ಮಾದರಿಯನ್ನು ಚೀಲದಲ್ಲಿಟ್ಟುಕೊಂಡು ವಿಮಾನ ಹತ್ತುವಂತಿಲ್ಲ.

ಹಣಕ್ಕೆ ಬರೋಣ. ಲಂಡನ್ನಿನಲ್ಲಿ ಹೊರದೇಶದವರಿಗೆ ಇಂಥ ಕೋರ್ಸಿನ ಶುಲ್ಕ 30,000 ಪೌಂಡಿನ ಮೇಲೆ ಎಂದು ಹಿಡಿಯಿರಿ. ವೀಸಾಕ್ಕೆ ಒಂಬತ್ತು ತಿಂಗಳ ಖರ್ಚು ಖಾತೆಯಲ್ಲಿ ತೋರಿಸಬೇಕು, ಲಂಡನ್ನಿಗೆ ತಿಂಗಳಿಗೆ 1,500 ಪೌಂಡಿನ ಆಸುಪಾಸು. ಆ ಹಣ ಸತತ 28 ದಿನ ಅಲುಗದೆ ಇರಬೇಕು. ಆರೋಗ್ಯ ಸೇವೆಯ ಶುಲ್ಕ ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡ್, ಕ್ಷಯದ ಪರೀಕ್ಷೆ ಬೇರೆ. ಎಲ್ಲ ಕೂಡಿದರೆ 50 ಲಕ್ಷ ರೂಪಾಯಿ ದಾಟುತ್ತದೆ. ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ದುಡಿಯಬಹುದು, ಆದರೆ ಅದರಿಂದ ಊಟದ ಖರ್ಚು ಹೊರಟೀತು, ಶುಲ್ಕ ಹೊರಡದು. ಪದವಿಯ ನಂತರ ಕೆಲಸ ಹುಡುಕಲು ಕೊಡುವ ವೀಸಾ ಎರಡು ವರ್ಷದ್ದಿತ್ತು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳಿಗೆ ಇಳಿಯುತ್ತದೆ. ಸಂಶೋಧನಾ ಸಹಾಯಕರ ಸಂಬಳದಲ್ಲಿ 18 ತಿಂಗಳಲ್ಲಿ 50 ಲಕ್ಷದ ಸಾಲ ತೀರಿಸುವ ಲೆಕ್ಕ ನನಗಂತೂ ಕೂಡುವುದಿಲ್ಲ. ಮಳೆ ನಂಬಿ ಬದುಕುವ ಮನೆಗೆ ಹೊಲ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅಪ್ಪನ ಮನಸ್ಸು ದೊಡ್ಡದು. ಆ ಹೊಲ ಮುಟ್ಟದೆ ಹೋಗುವ ದಾರಿಗಳಿವೆ, ಅವು ಮುಗಿಯುವ ತನಕ ಅದರ ಮಾತು ಬೇಡ.

ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಶುಲ್ಕ, ವಿಮಾನ, ಖರ್ಚು ಎಲ್ಲ ನೋಡಿಕೊಳ್ಳುತ್ತದೆ. ಭಾರತದಲ್ಲಿ ಶಿಕ್ಷಣ ಸಚಿವಾಲಯದ ಮೂಲಕವೂ ಅರ್ಜಿ ಹೋಗಬೇಕು. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ 2,800 ಗಂಟೆಯ ಕೆಲಸದ ಅನುಭವ ಬೇಕು, ನಿಮ್ಮ ಎರಡು ವರ್ಷ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಓದು ಮುಗಿದ ಮೇಲೆ ಎರಡು ವರ್ಷ ದೇಶಕ್ಕೆ ಮರಳಬೇಕೆಂಬ ಷರತ್ತಿದೆ, ನಿಮ್ಮ ಉದ್ದೇಶಕ್ಕೆ ಅದು ಅಡ್ಡಿಯಲ್ಲ. ಪರಿಶಿಷ್ಟ ಜಾತಿ, ಪಂಗಡದವರಾಗಿದ್ದರೆ ರಾಜ್ಯದ ಪ್ರಬುದ್ಧ ಯೋಜನೆ ನೋಡಿ. ಹಿಂದುಳಿದ ವರ್ಗ, ಅಲ್ಪಸಂಖ್ಯಾತರಿಗೂ ವಿದೇಶ ವ್ಯಾಸಂಗಕ್ಕೆ ಸರ್ಕಾರದ ನೆರವಿದೆ. ಲಂಡನ್ ಒಂದೇ ಅಲ್ಲ. ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಆನುವಂಶಿಕ ರೆಟಿನಾ ರೋಗಗಳ ಮೇಲೆ ದಶಕಗಳ ಕೆಲಸ ನಡೆದಿದೆ. ಆ ರಾಜ್ಯದಲ್ಲಿ ಹೊರಗಿನವರಿಗೆ ಶುಲ್ಕ ಸೆಮಿಸ್ಟರಿಗೆ 1,500 ಯೂರೊ, ಅಷ್ಟೇ. ಓದು ಎರಡು ವರ್ಷದ್ದು, ಹಾಗಾಗಿ ಸಂಶೋಧನೆಗೆ ಉಸಿರಾಡುವಷ್ಟು ಸಮಯವೂ ಸಿಗುತ್ತದೆ. ನರವಿಜ್ಞಾನದ ಸ್ನಾತಕೋತ್ತರದ ಮೂಲಕ ಒಳಗೆ ಹೋಗಬೇಕು, ನಮ್ಮ ಪದವಿಯನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಮೊದಲೇ ಮಾಡಿಸಬೇಕು. ಇನ್ನು ಅಮೆರಿಕದಲ್ಲಿ ನಾಲ್ಕು ವರ್ಷದ ಪದವಿ ಇದ್ದವರು ಎಂ.ಎಸ್ಸಿ. ಇಲ್ಲದೆಯೂ ನೇರ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಬರ್ಕ್ಲಿ, ಹ್ಯೂಸ್ಟನ್‌ನಂಥ ಕಡೆ ದೃಷ್ಟಿವಿಜ್ಞಾನದ ವಿಭಾಗಗಳಿವೆ, ಅಲ್ಲಿ ಓದುವವರಿಗೆ ಅವರೇ ವೇತನ ಕೊಡುತ್ತಾರೆ.

ಅದಕ್ಕೂ ಮೊದಲು ಒಂದು ವರ್ಷ ಇಲ್ಲೇ ಸಂಶೋಧನೆಯ ನೆಲ ಮುಟ್ಟಿ. ಹೈದರಾಬಾದಿನ ಎಲ್.ವಿ. ಪ್ರಸಾದ್, ಚೆನ್ನೈನ ಶಂಕರ ನೇತ್ರಾಲಯ, ಮದುರೈನ ಅರವಿಂದ, ಬೆಂಗಳೂರಿನ ನಾರಾಯಣ ನೇತ್ರಾಲಯ, ಇವೆಲ್ಲ ಸ್ವಂತ ಸಂಶೋಧನಾ ವಿಭಾಗ ಇಟ್ಟುಕೊಂಡ ಆಸ್ಪತ್ರೆಗಳು. ಬೆಂಗಳೂರಿನ ಐಸ್ಟೆಮ್ ಕಂಪನಿ ಸ್ಟೆಮ್ ಸೆಲ್‌ನಿಂದ ರೆಟಿನಾದ ಕೋಶ ಬೆಳೆಸುತ್ತಿದೆ. ಫೋರಸ್, ರೆಮಿಡಿಯೊ ಕಂಪನಿಗಳು ಫಂಡಸ್ ಕ್ಯಾಮೆರಾ ಮಾಡಿದ್ದೂ ಅದೇ ಊರಿನಲ್ಲಿ. ಸಂಶೋಧನಾ ಸಹಾಯಕಿಯಾಗಿ ಸೇರಿ ಒಂದು ಲೇಖನದಲ್ಲಿ ಐದನೇ ಹೆಸರಾಗಿ ಬಂದರೂ ಸಾಕು, ನಿಮ್ಮ ವಿದ್ಯಾರ್ಥಿವೇತನದ ಅರ್ಜಿಯ ತೂಕವೇ ಬೇರೆಯಾಗುತ್ತದೆ. ಮುಗಿಸಿ ಬಂದ ಮೇಲೆ ಕೆಲಸ ಕೊಡುವವರೂ ಇವರೇ, ಈಗಲೇ ಗುರುತು ಮಾಡಿಕೊಳ್ಳಿ. ಸಂಶೋಧನೆಯಲ್ಲೇ ನೆಲೆ ನಿಲ್ಲಬೇಕೆಂದರೆ ಪಿಎಚ್‌ಡಿ ಬೇಕೇ ಬೇಕು, ಎಂ.ಎಸ್ಸಿ. ಅದರ ಹೊಸ್ತಿಲು.

ಕೊನೆಗೆ ಆ ಅಣ್ಣ-ತಂಗಿ. ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣಿನಿಂದ 2021ರಲ್ಲಿ ನಾಲ್ವರಿಗೆ ದೃಷ್ಟಿ ಬಂದಾಗಿನಿಂದ ಇಂಥ ಮನೆಯವರು ‘ನಮ್ಮ ಮಕ್ಕಳಿಗೂ ಯಾರಾದರೂ ಕಣ್ಣು ಕೊಟ್ಟರೆ?’ ಎಂದು ಕೇಳುತ್ತಾರೆ, ನಿಮ್ಮನ್ನೂ ಕೇಳಿರಬಹುದು. ಅಲ್ಲಿ ಕಸಿ ಮಾಡಿದ್ದು ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪೊರೆ), ಅದರ ಪದರ ಬಿಡಿಸಿ ನಾಲ್ವರಿಗೆ ಹಂಚಿದ್ದು. ಈ ಮಕ್ಕಳಿಗೆ ಕೆಟ್ಟಿರುವುದು ರೆಟಿನಾ. ಇದನ್ನು ಅವರಿಗೆ ಸಮಾಧಾನದಿಂದ ಬಿಡಿಸಿ ಹೇಳಿ. ಜೀನ್ ಪರೀಕ್ಷೆ ಮತ್ತು ಆಪ್ತಸಲಹೆ ಇರುವ ಕೇಂದ್ರಕ್ಕೆ ಚೀಟಿ ಬರೆದು ಕಳಿಸಿ. ವಿಶಿಷ್ಟ ಚೇತನರ ಯುಡಿಐಡಿ ಕಾರ್ಡ್ ಮಾಡಿಸಿದ್ದಾರೆಯೇ ವಿಚಾರಿಸಿ. ಮುಂದಿನ ಸಲ ಬರುವಾಗ ಮನೆಯ ಅಜ್ಜಿಯನ್ನೂ ಕರೆತರಲು ಹೇಳಿ. ಯಾರನ್ನು ಯಾರಿಗೆ ಕೊಟ್ಟಿದ್ದರು, ದೀಪ ಹಚ್ಚುವ ಹೊತ್ತಿಗೆ ಗೋಡೆ ಹಿಡಿದು ನಡೆಯುತ್ತಿದ್ದವರು ಯಾರು, ತೀರಿಹೋದ ಮಕ್ಕಳೆಷ್ಟು, ಅವರಿಗೇ ಗೊತ್ತಿರುತ್ತದೆ. ಪಕ್ಕದಲ್ಲಿ ಕೂತು, ಒಂದು ಬಿಳಿ ಹಾಳೆಯ ಮೇಲೆ ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಹಾಕುತ್ತ ಮೂರು ತಲೆಮಾರು ಬರೆದುಕೊಳ್ಳಿ. ಅಜ್ಜಿಯ ಒಪ್ಪಿಗೆ ಕೇಳಿ ಬರೆದುಕೊಳ್ಳಿ.